ತಾನೇ ಎದ್ದು ಹೋಗುತ್ತಿದ್ದ ಮುಳ್ಳು

ಎಲ್‌ಪಿ ತಟ್ಟೆಯ ಒಂದು ಮಗ್ಗುಲು ಮುಗಿಯುವ ಸದ್ದು ಒಮ್ಮೆ ರೂಢಿಯಾದ ಕಿವಿಗೆ ಮರೆತುಹೋಗುವುದಿಲ್ಲ. ಹಾಡು ನಿಲ್ಲುತ್ತದೆ, ತಂಬೂರಿಯ ಕೊನೆಯ ಎಳೆಯೂ ಕರಗುತ್ತದೆ. ಮುಳ್ಳು ಖಾಲಿ ಗೆರೆಗೆ ಇಳಿದು ಸರ್ರನೆ ಒಳಕ್ಕೆ ಜಾರುತ್ತದೆ. ಅಷ್ಟರಲ್ಲಿ ಪೆಟ್ಟಿಗೆಯ ಒಳಗಿನಿಂದ ‘ಟಕ್’ ಎಂಬ ಸದ್ದು. ಯಾರ ಕೈಯೂ ತಗಲದೆ, ಮುಳ್ಳನ್ನು ಹೊತ್ತ ಆರ್ಮ್ ಮೇಲೇಳುತ್ತದೆ, ಗಳಿಗೆ ಹೊತ್ತು ಗಾಳಿಯಲ್ಲೇ ನಿಂತು, ಬಲಕ್ಕೆ ತಿರುಗಿ, ತನ್ನ ಗೂಟದ ಮೇಲೆ ಹೋಗಿ ಕೂರುತ್ತದೆ. ಇನ್ನೊಂದು ‘ಟಕ್’. ಮೋಟಾರು ಆರುತ್ತದೆ, ತಟ್ಟೆ ಇನ್ನೊಂದೆರಡು ಸುತ್ತು ತಿರುಗಿ ನಿಲ್ಲುತ್ತದೆ.

ತಟ್ಟೆಗಳೇನೋ ಮರಳಿ ಬಂದಿವೆ. 2022ರಲ್ಲಿ ಅಮೆರಿಕದಲ್ಲಿ ಸಿ.ಡಿ.ಗಳಿಗಿಂತ ಹೆಚ್ಚು ತಟ್ಟೆಗಳು ಮಾರಾಟವಾದವು. 1987ರಿಂದೀಚೆಗೆ ಹಾಗಾದದ್ದು ಅದೇ ಮೊದಲು. ಬೆಂಗಳೂರಿನಲ್ಲೂ ಮೊದಲ ಸಂಬಳದಲ್ಲಿ ಪ್ಲೇಯರ್ ಕೊಳ್ಳುವ ಹುಡುಗ ಹುಡುಗಿಯರಿದ್ದಾರೆ. ಅವರ ಸಂಭ್ರಮ ನೋಡಿದರೆ ಖುಷಿಯಾಗುತ್ತದೆ. ಆದರೆ ಅವರು ಮನೆಗೆ ತರುವ, ನೋಡಲು ಅಂದವಾದ, ಸಾಕಷ್ಟು ದುಡ್ಡು ಕೊಟ್ಟು ಕೊಂಡ ಯಂತ್ರಗಳಲ್ಲಿ ಬಹುಪಾಲಿಗೆ ಹಾಡು ಮುಗಿದದ್ದು ಗೊತ್ತಾಗುವುದಿಲ್ಲ. ಮುಳ್ಳು ಕೊನೆಯ ಸುತ್ತಿನಲ್ಲಿ ‘ಟಿಕ್, ಟಿಕ್’ ಎನ್ನುತ್ತಾ ಯಾರಾದರೂ ಬಂದು ಎತ್ತುವವರೆಗೂ ಸುತ್ತುತ್ತಲೇ ಇರುತ್ತದೆ. ತಟ್ಟೆ ಮರಳಿತು, ಅದರ ಜೊತೆಯಲ್ಲಿದ್ದ ಆ ಜಾಣ್ಮೆ ಮರಳಲಿಲ್ಲ. ಹಾಡು ಮುಗಿದದ್ದನ್ನು ಅರಿತು ತಾನೂ ಮುಗಿಸುವ ಯಂತ್ರವನ್ನು ಮನುಷ್ಯರು ಒಂದು ಕಾಲದಲ್ಲಿ ಕಟ್ಟಿದ್ದರು. ಬರೀ ಹಲ್ಲು, ಸ್ಪ್ರಿಂಗು, ತಗಡಿನ ಕೊಂಡಿಗಳಿಂದ ಕಟ್ಟಿದ್ದರು. ಅದು ಕಣ್ಣೆದುರೇ ಕೈಬಿಟ್ಟುಹೋಗುತ್ತಿದೆ ಎಂಬುದು ನನ್ನ ಸಂಕಟ.

ತಟ್ಟೆಯ ಮೇಲೆ ನೂರಾರು ಗೆರೆಗಳು ಕಂಡರೂ ಒಂದು ಮಗ್ಗುಲಿಗೆ ಇರುವುದು ಒಂದೇ ಗೆರೆ. ಅಂಚಿನಲ್ಲಿ ಶುರುವಾಗಿ ಸುರುಳಿ ಸುತ್ತುತ್ತಾ ಒಳಗೆ ಹೋಗುತ್ತದೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. 22 ನಿಮಿಷದ ಮಗ್ಗುಲೆಂದರೆ ಏಳುನೂರಕ್ಕೂ ಮೀರಿದ ಸುತ್ತುಗಳು. ಹಾಡು ಇರುವಷ್ಟು ಹೊತ್ತು ಮುಳ್ಳು ಸುತ್ತಿಗೆ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಒಳಕ್ಕೆ ಸರಿಯುತ್ತದೆ. ಕಣ್ಣಿಟ್ಟು ಕೂತರೂ ಕಾಣದ ನಡೆ ಅದು. ಹಾಡು ಮುಗಿದ ಕೂಡಲೇ ಗೆರೆ ಬಿಡಿಬಿಡಿಯಾಗಿ, ಒಂದೇ ಸುತ್ತಿಗೆ ಹಲವು ಮಿಲಿಮೀಟರ್ ಒಳಕ್ಕೆ ಎಳೆದುಕೊಳ್ಳುತ್ತದೆ. ಕೊನೆಗೆ ಲೇಬಲ್ಲಿನ ಹತ್ತಿರ, ಸುಮಾರು 106 ಮಿಲಿಮೀಟರ್ ವ್ಯಾಸದ ಮುಚ್ಚಿದ ವೃತ್ತ. ಅಲ್ಲಿಂದ ಮುಂದೆ ದಾರಿಯಿಲ್ಲ. ಅಲ್ಲಿಗೆ ಬಂದ ಮುಳ್ಳನ್ನು ಯಾರೂ ಎತ್ತದೆ ರಾತ್ರಿಯಿಡೀ ಎಂಟು ಗಂಟೆ ಬಿಟ್ಟರೆ ಹದಿನಾರು ಸಾವಿರ ಸುತ್ತು. ವಜ್ರದ ಮುಳ್ಳಾದರೆ ತಡೆದುಕೊಂಡೀತು. ನಮ್ಮ ಕಡೆಯ ಅಗ್ಗದ ಪ್ಲೇಯರ್‌ಗಳಲ್ಲಿ ಇರುತ್ತಿದ್ದ ನೀಲದ ಮುಳ್ಳಿಗೆ ಅಂಥ ಒಂದು ರಾತ್ರಿ ಎಂದರೆ ಆಯುಸ್ಸಿನ ದೊಡ್ಡ ಪಾಲು.

ಮೊದಮೊದಲ ತಟ್ಟೆಗಳಲ್ಲಿ ಆ ಬಿಡಿ ಗೆರೆಯೂ ಇರಲಿಲ್ಲ, ಮುಚ್ಚಿದ ವೃತ್ತವೂ ಇರಲಿಲ್ಲ. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರನ್ನು ಹಾಡಿಸಿ ಮುದ್ರಿಸಿಕೊಂಡಾಗ, ಹಾಡಿನ ಕೊನೆಗೆ ಆಕೆ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆ ಒತ್ತುವವರಿಗೆ ಇದು ಯಾರ ಹಾಡೆಂದು ತಿಳಿಯಲಿ ಎಂದು ಮಾಡಿದ ಏರ್ಪಾಡು. ಕೇಳುವವರಿಗೂ ಅದು ಅನುಕೂಲವೇ ಆಗಿತ್ತು ಎಂದುಕೊಳ್ಳುತ್ತೇನೆ: ಹೆಸರು ಕೇಳಿಸಿತೆಂದರೆ ಎದ್ದುಹೋಗಿ ಮುಳ್ಳಿರುವ ಸೌಂಡ್‌ಬಾಕ್ಸ್ ಎತ್ತಬೇಕು. 78 ಸುತ್ತಿನ ಹತ್ತಿಂಚಿನ ತಟ್ಟೆಯಲ್ಲಿ ಹಿಡಿಸುತ್ತಿದ್ದುದು ಮೂರು, ಮೂರೂವರೆ ನಿಮಿಷ. ಮಲ್ಲಿಕಾರ್ಜುನ ಮನ್ಸೂರರಾಗಲಿ, ಮೊದಲ ತಟ್ಟೆಗಳಲ್ಲಿ ಗಾಂಧಾರಿ ಎಂಬ ಹೆಸರಿನಿಂದ ಬಂದ ಗಂಗೂಬಾಯಿ ಹಾನಗಲ್ಲರಾಗಲಿ, ರಾಗವನ್ನು ಅಷ್ಟರೊಳಗೇ ತುಂಬಬೇಕಾಗಿತ್ತು. ಪ್ರತಿ ಮಗ್ಗುಲಿಗೂ ಎದ್ದು ತಟ್ಟೆ ಮಗುಚಿ, ಉಕ್ಕಿನ ಮುಳ್ಳು ಬದಲಿಸಿ, ಕೀ ಕೊಡಬೇಕು. ಗ್ರಾಮಫೋನ್ ಇದ್ದ ಮನೆಯಲ್ಲಿ ಒಬ್ಬ ಹುಡುಗನಿಗೆ ಇದೇ ಕೆಲಸ. ಆ ಹುಡುಗ ಪೂರ್ತಿ ಹಾಡನ್ನು ಮೈಮರೆತು ಕೇಳಿದ್ದೇ ಇಲ್ಲ. ಅವನ ಕಿವಿ ಯಾವಾಗಲೂ ಕೊನೆಗಾಗಿ ಕಾಯುತ್ತಿತ್ತು.

1920ರ ದಶಕದಲ್ಲಿ ಹಾಡಿನ ಕೊನೆಗೆ ಒಳಕ್ಕೆ ಎಳೆಯುವ ಗೆರೆ ಕೊರೆಯತೊಡಗಿದರು. ಅದು ಬಂದ ಮೇಲೆಯೇ ಯಂತ್ರಕ್ಕೆ ಹಾಡಿನ ಕೊನೆಯನ್ನು ಗುರುತಿಸುವ ದಾರಿ ಸಿಕ್ಕಿದ್ದು. ಮೊದಲು ತಾನೇ ಬೀಳುವ ಬ್ರೇಕು ಬಂತು. ನಮ್ಮ ದೇಶದಲ್ಲೂ ಅನೇಕ ಮನೆಗಳಲ್ಲಿದ್ದ ಎಚ್‌ಎಂವಿ 102 ಎಂಬ ಕೈಪೆಟ್ಟಿಗೆಯಲ್ಲಿ ಆ ಬ್ರೇಕು ಇತ್ತು. ತಟ್ಟೆ ನಿಲ್ಲುತ್ತಿತ್ತು, ಆದರೆ ಮುಳ್ಳು ಇದ್ದಲ್ಲೇ ಇರುತ್ತಿತ್ತು. ಎತ್ತುವುದಿನ್ನೂ ಮನುಷ್ಯನ ಪಾಲು. ಮುಳ್ಳನ್ನು ಎತ್ತಿ, ಪಕ್ಕಕ್ಕೊಯ್ದು, ಮುಂದಿನ ತಟ್ಟೆ ಬೀಳಿಸಿ, ಮತ್ತೆ ಅದರ ಅಂಚಿನಲ್ಲಿ ಮುಳ್ಳಿಳಿಸುವ ರೆಕಾರ್ಡ್ ಚೇಂಜರ್‌ಗಳು ಸಣ್ಣ ಮನೆಗಳಿಗೂ ಎಟುಕುವಂತಾದದ್ದು ಎರಡನೆಯ ಮಹಾಯುದ್ಧದ ಆಚೆಗೆ.

ಅವುಗಳನ್ನು ಮಾಡಿದ ಊರುಗಳ ಹೆಸರು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗದು. ಇಂಗ್ಲೆಂಡಿನ ಸ್ವಿಂಡನ್ ಊರಿನ ಗ್ಯಾರಾರ್ಡ್ ಕಂಪನಿ ಹುಟ್ಟಿದ್ದು 1915ರಲ್ಲಿ, ಅರಮನೆಯ ಆಭರಣ ಮಾಡುತ್ತಿದ್ದ ಅಕ್ಕಸಾಲಿಗರ ಸಂಸ್ಥೆಯ ಮಗ್ಗುಲಲ್ಲಿ. ಮೊದಲ ಯುದ್ಧಕಾಲದಲ್ಲಿ ಫಿರಂಗಿಗಳಿಗೆ ದೂರ ಅಳೆಯುವ ಉಪಕರಣ ಮಾಡಿಕೊಟ್ಟು, ಯುದ್ಧ ಮುಗಿದ ಮೇಲೆ ಅದೇ ಸೂಕ್ಷ್ಮ ಕೈಗಳನ್ನು ಗ್ರಾಮಫೋನ್ ಮೋಟಾರಿಗೆ ಹಚ್ಚಿದರು. ಜರ್ಮನಿಯ ಕಪ್ಪುಕಾಡಿನ ಸಾಂಕ್ಟ್ ಗಿಯೋರ್ಗೆನ್ ಊರಿನಲ್ಲಿ ಸ್ಟೈಡಿಂಗರ್ ಸಹೋದರರು 1907ರಲ್ಲಿ ತೆರೆದ ಕಾರ್ಖಾನೆಯೇ ಮುಂದೆ ಡುಯಲ್ ಆಯಿತು. ಗಡಿಯಾರ ಮಾಡುವುದೇ ಕಸುಬಾಗಿದ್ದ ಸೀಮೆ ಅದು. ಸ್ಪ್ರಿಂಗು, ಹಲ್ಲುಚಕ್ರ ಅಲ್ಲಿನ ಜನಕ್ಕೆ ತಲೆಮಾರುಗಳಿಂದ ಕೈಗೆ ಹತ್ತಿದ್ದವು. ಇನ್ನು ಬರ್ಮಿಂಗ್‌ಹ್ಯಾಮ್ ಸೀಮೆಯಲ್ಲಿ ಡೇನಿಯಲ್ ಮ್ಯಾಕ್‌ಡೊನಾಲ್ಡ್ ಕಟ್ಟಿದ ಬಿಎಸ್ಆರ್. ಗ್ಯಾರಾರ್ಡ್, ಡುಯಲ್‌ಗಳ ನಯ ನಾಜೂಕು ಅದಕ್ಕಿರಲಿಲ್ಲ. ಒತ್ತಿದ ತಗಡು, ಅಗ್ಗದ ರಬ್ಬರು. ಆದರೂ ಲೋಕದ ಅರ್ಧಕ್ಕರ್ಧ ನಡುತರಗತಿಯ ಮನೆಗಳಿಗೆ ತಾನೇ ಏಳುವ ಮುಳ್ಳನ್ನು ತಲುಪಿಸಿದ ಪುಣ್ಯ ಬಿಎಸ್ಆರ್‌ನದು. ನಮ್ಮ ಮನೆಗೆ ಬಂದದ್ದೂ ಅದೇ.

ನಮ್ಮದು ರೇಡಿಯೋಗ್ರಾಂ. ನಾಲ್ಕು ಕಾಲಿನ, ಪಾಲಿಶು ಹೊಡೆದ ಮರದ ಪೆಟ್ಟಿಗೆ. ಬಲಕ್ಕೆ ರೇಡಿಯೋ, ಎಡಕ್ಕೆ ಮುಚ್ಚಳ ತೆಗೆದರೆ ಚೇಂಜರ್. ಮೇಲೆ ಅಮ್ಮ ಕಸೂತಿ ಹಾಕಿದ ಬಟ್ಟೆ. ಮಕ್ಕಳು ಮುಟ್ಟುವಂತಿರಲಿಲ್ಲ. ಅಪ್ಪನದು ಒಂದೇ ಕಟ್ಟಪ್ಪಣೆ: ಆರ್ಮ್ ತಾನೇ ತಿರುಗುತ್ತಿರುವಾಗ ಯಾರೂ ಅದನ್ನು ಹಿಡಿಯಬಾರದು. ಹಿಡಿದರೆ ಒಳಗಿನ ಕೊಂಡಿ ಬಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ.

ಬೆಳಗಿನ ಜಾವ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತ. 1963ರಲ್ಲಿ ಎಚ್‌ಎಂವಿ ಹೊರತಂದ ಆ ಎಲ್‌ಪಿ ದಕ್ಷಿಣದ ಮನೆಮನೆಗೂ ಹೇಗೆ ಹೊಕ್ಕಿತೆಂದು ಎಲ್ಲರಿಗೂ ಗೊತ್ತು. ಆದರೆ ಅದನ್ನು ಹಾಕುತ್ತಿದ್ದವರು ಯಾರು, ಹಾಕಿದ ಮೇಲೆ ಏನು ಮಾಡುತ್ತಿದ್ದರು ಎಂದು ಯಾರೂ ಬರೆದದ್ದನ್ನು ನಾನು ಕಂಡಿಲ್ಲ. ನಮ್ಮಲ್ಲಿ ಹಾಕುತ್ತಿದ್ದವಳು ಅಮ್ಮ. ಗುಂಡಿ ತಿರುಗಿಸಿ, ಮುಳ್ಳು ಇಳಿಯಿತೆಂದು ಖಾತ್ರಿ ಮಾಡಿಕೊಂಡು, ಹೊರಗೆ ಹೋಗಿ ಬಾಗಿಲು ಸಾರಿಸುತ್ತಿದ್ದಳು. ಆಮೇಲೆ ಹಾಲು, ಒಲೆ, ನಮ್ಮ ಡಬ್ಬಿಗಳು. ಮಗ್ಗುಲು ಮುಗಿಯುವ ಹೊತ್ತಿಗೆ ಆಕೆಯ ಕೈ ಮೊಣಕೈವರೆಗೂ ಹಿಟ್ಟು. ಆ ಕೈಯಲ್ಲಿ ಓಡಿಬಂದು ಮುಳ್ಳು ಎತ್ತುವುದು ಆಗದ ಮಾತು, ಎತ್ತುವ ಅಗತ್ಯವೂ ಇರಲಿಲ್ಲ. ‘ಟಕ್’ ಎಂಬುದು ಅಡುಗೆಮನೆಗೆ ಕೇಳಿಸುತ್ತಿತ್ತು, ಆಕೆ ತಲೆ ಎತ್ತದೆ ರೊಟ್ಟಿ ತಟ್ಟುತ್ತಿದ್ದಳು. ಮಧ್ಯಾಹ್ನ ಅಜ್ಜಿಯ ಸರದಿ. ಎಂ.ಎಲ್. ವಸಂತಕುಮಾರಿಯವರ ದೇವರನಾಮ ಹಾಕಿಸಿಕೊಂಡು ಚಾಪೆಯ ಮೇಲೆ ಮಲಗಿದರೆ ಎರಡನೆಯ ಪದಕ್ಕೆಲ್ಲ ಗೊರಕೆ. ಯಂತ್ರ ತನ್ನ ಕೆಲಸ ಮುಗಿಸಿ ತಾನೇ ಆರುತ್ತಿತ್ತು, ಅಜ್ಜಿಯ ನಿದ್ದೆ ಕೆಡುತ್ತಿರಲಿಲ್ಲ. ಹಾಡು ಕೇಳುವುದೆಂದರೆ ಕುರ್ಚಿಯಲ್ಲಿ ಕೂತು, ಎದ್ದು, ಮತ್ತೆ ಕೂತು ಮಾಡಬೇಕಾದ ಕೆಲಸವೆಂದು ತಿಳಿದವರಿಗೆ ಇದರ ಬೆಲೆ ಹೊಳೆಯುವುದಿಲ್ಲ. ಕೈಗೆ ಬಿಡುವಿಲ್ಲದವರಿಗೂ, ಕಣ್ಣು ಕಾಲು ಸೋತವರಿಗೂ ಸಂಗೀತ ದಕ್ಕಬೇಕಾದರೆ ಯಂತ್ರವೇ ಅವರ ಪರವಾಗಿ ಎದ್ದುಹೋಗಬೇಕಿತ್ತು. ಅದು ಎದ್ದುಹೋಗುತ್ತಿತ್ತು.

ಒಳಗೆ ಏನಿತ್ತು ಎಂದು ನಾನು ಕಂಡದ್ದು ಬಹಳ ತಡವಾಗಿ, ರಿಪೇರಿ ಅಂಗಡಿಯ ಮೇಜಿನ ಮೇಲೆ. ಟರ್ನ್‌ಟೇಬಲ್ ಎತ್ತಿ ತೆಗೆದರೆ ಕೆಳಗೆ ಅಂಗೈಯಗಲದ ಒಂದು ಹಲ್ಲುಚಕ್ರ. ಅದರ ಅಂಚಿನಲ್ಲಿ ಒಂದೆಡೆ ಹಲ್ಲುಗಳಿಲ್ಲ, ಬೇಕೆಂದೇ ಬಿಟ್ಟಿರುತ್ತಾರೆ. ಟರ್ನ್‌ಟೇಬಲ್ಲಿನ ನಡುವೆ ಇರುವ ಪುಟ್ಟ ಹಲ್ಲುಚಕ್ರ ಆ ಬೋಳು ಜಾಗದೆದುರು, ಯಾವುದಕ್ಕೂ ತಾಗದೆ, ಹಾಡಿನುದ್ದಕ್ಕೂ ತಿರುಗುತ್ತಿರುತ್ತದೆ. ದೊಡ್ಡ ಚಕ್ರದ ಮೇಲೆ ತೀರಾ ಹಗುರವಾದ ಒಂದು ತಗಡಿನ ಕೊಂಡಿ. ಆರ್ಮ್ ಒಳಕ್ಕೆ ಸರಿದಂತೆಲ್ಲ ಕೆಳಗಿನ ಸಲಾಕೆಯೊಂದು ಈ ಕೊಂಡಿಯನ್ನು ಕೂದಲೆಳೆಯಷ್ಟು ನಡುವಿನ ಕಡೆ ನೂಕುತ್ತದೆ. ಟರ್ನ್‌ಟೇಬಲ್ ಒಂದು ಸುತ್ತು ಬಂದಾಗ ನಡುಚಕ್ರದ ಮೇಲಿನ ಸಣ್ಣ ಉಬ್ಬು ಅದನ್ನು ಮೆಲ್ಲಗೆ ತಟ್ಟಿ ಹಿಂದಕ್ಕೆ ಕಳಿಸುತ್ತದೆ. ನೂಕು, ತಟ್ಟು, ನೂಕು, ತಟ್ಟು. ಏಳುನೂರು ಸುತ್ತೂ ಇದೇ.

ಹಾಡು ಮುಗಿದು ಮುಳ್ಳು ಬಿಡಿ ಗೆರೆಗೆ ಇಳಿದಾಗ ಆರ್ಮ್ ಒಂದೇ ಸುತ್ತಿನಲ್ಲಿ ದೂರ ಸರಿಯುತ್ತದೆ. ಕೊಂಡಿ ಕೂದಲೆಳೆಗೆ ಬದಲು ಬೆರಳಗಲ ನೂಕಿಸಿಕೊಳ್ಳುತ್ತದೆ. ಈಗ ಸುತ್ತು ಬಂದ ಉಬ್ಬಿಗೆ ಅದನ್ನು ಹಿಂದೆ ತಟ್ಟಲಾಗದು. ಅದರ ಬೆನ್ನಿಗೇ ಸಿಕ್ಕಿಕೊಂಡು ದೊಡ್ಡ ಚಕ್ರವನ್ನು ಒಂದು ಹಲ್ಲಿನಷ್ಟು ಎಳೆಯುತ್ತದೆ. ಅದೇ ಆ ಮೊದಲ ‘ಟಕ್’. ಹಲ್ಲಿಗೆ ಹಲ್ಲು ಸಿಕ್ಕಿದ ಮೇಲೆ ದೊಡ್ಡ ಚಕ್ರ ಪೂರ್ತಿ ಒಂದು ಸುತ್ತು ತಿರುಗಲೇಬೇಕು. ಅದರ ತಳದಲ್ಲಿ ಅಂಕುಡೊಂಕಾಗಿ ಕೊರೆದ ದಾರಿ. ಆ ದಾರಿಯಲ್ಲಿ ಕಾಲಿಟ್ಟ ಸನ್ನೆಕೋಲು ಮೊದಲು ಆರ್ಮನ್ನು ಎತ್ತುತ್ತದೆ, ಆಮೇಲೆ ಪಕ್ಕಕ್ಕೆ ತಿರುಗಿಸುತ್ತದೆ, ಆಮೇಲೆ ಇಳಿಸುತ್ತದೆ. ಸುತ್ತು ಮುಗಿದಾಗ ಬೋಳು ಜಾಗ ಮತ್ತೆ ನಡುಚಕ್ರದ ಎದುರಿಗೆ. ಎಲ್ಲಕ್ಕೂ ತಟ್ಟೆ ತಿರುಗಿಸುವ ಅದೇ ಮೋಟಾರಿನ ಬಲ. ಹಾಗಾಗಿಯೇ 78ಕ್ಕೆ ಇಟ್ಟಾಗ ಆರ್ಮ್ ದಡಬಡನೆ ಹೋಗುತ್ತಿತ್ತು, ಎಲ್‌ಪಿಗೆ ನಿಧಾನವಾಗಿ, ಗಾಂಭೀರ್ಯದಿಂದ ಏಳುತ್ತಿತ್ತು.

ಇದನ್ನು ಮೊದಲ ಸಲ ಕೈಯಲ್ಲಿ ತಿರುಗಿಸಿ ನೋಡಿದಾಗ ನನಗೆ ಉಸಿರು ಕಟ್ಟಿದಂತಾಯಿತು. ಹಾಡು ಮುಗಿಯಿತೇ ಎಂದು ಕೇಳಿಸಿಕೊಳ್ಳಲು ಅದಕ್ಕೆ ಕಿವಿಯಿಲ್ಲ. ತಟ್ಟೆ ಎಷ್ಟು ಉದ್ದದ್ದೆಂದು ಅದಕ್ಕೆ ಗೊತ್ತಿಲ್ಲ. ನಡೆಯ ವೇಗ ಬದಲಾದದ್ದನ್ನು ಮಾತ್ರ ಅದು ಅಳೆಯುತ್ತದೆ. ಅಷ್ಟರಿಂದಲೇ ಏಳು ನಿಮಿಷದ ಇಪಿಯ ಕೊನೆಯೂ ಇಪ್ಪತ್ತೈದು ನಿಮಿಷದ ಎಲ್‌ಪಿಯ ಕೊನೆಯೂ ಅದಕ್ಕೆ ತಪ್ಪದೆ ತಿಳಿಯುತ್ತದೆ. ಚೇಂಜರ್ ಇನ್ನೂ ಮುಂದೆ ಹೋಗುತ್ತಿತ್ತು. ಸ್ಪಿಂಡಲ್ಲಿನ ಮೇಲೆ ಆರು ತಟ್ಟೆ ಪೇರಿಸಿಟ್ಟರೆ ಒಂದೊಂದಾಗಿ ಬೀಳಿಸುತ್ತಿತ್ತು. ಮೇಲಿನಿಂದ ಒತ್ತಿ ಹಿಡಿದಿದ್ದ ಕೋಲು ಪೂರಾ ಕೆಳಗಿಳಿದಿದ್ದರೆ ಇನ್ನು ತಟ್ಟೆ ಉಳಿದಿಲ್ಲವೆಂದು ಅರಿತು ತಾನೇ ಆರುತ್ತಿತ್ತು. ಎರಡು ತಟ್ಟೆಯ ಸೆಟ್‌ಗಳನ್ನು ಈ ಯಂತ್ರಕ್ಕೆಂದೇ ಅಚ್ಚು ಹಾಕಿದ್ದೂ ಉಂಟು: ಮೊದಲ ತಟ್ಟೆಯ ಹಿಂದೆ 2ನೆಯ ಮಗ್ಗುಲಲ್ಲ, 4ನೆಯದು. ಎರಡನ್ನೂ ಪೇರಿಸಿ 1, 2 ಕೇಳಿ, ಗಂಟನ್ನು ಒಟ್ಟಿಗೇ ಮಗುಚಿದರೆ 3, 4. ಹಳೆಯ ಸೆಟ್ಟು ಕೈಗೆ ಬಂದವರು ಇದೇನು ಎಡವಟ್ಟು ಸಂಖ್ಯೆ ಎಂದು ಈಗ ತಲೆ ಕೆರೆದುಕೊಳ್ಳುತ್ತಾರೆ.

ಎಲ್ಲೆಲ್ಲೂ ಈ ಸುಖವಿತ್ತು ಎಂದಲ್ಲ. ಜಾತ್ರೆ, ಮದುವೆಗಳ ಮೈಕ್‌ಸೆಟ್ಟಿನವರು ಕೈಯಲ್ಲೇ ಎತ್ತಿ ಕೈಯಲ್ಲೇ ಇಳಿಸುತ್ತಿದ್ದರು. ಟೆಂಟ್ ಸಿನಿಮಾದಲ್ಲಿ ಆಟ ಶುರುವಾಗುವ ಮುನ್ನ ಘಂಟಸಾಲರ ವೆಂಕಟೇಶ ಸ್ತುತಿ ಹಾಕುತ್ತಿದ್ದವನ ಬೆರಳಿಗೆ ಯಾವ ಯಂತ್ರವೂ ಸಾಟಿಯಲ್ಲ. ಆಕಾಶವಾಣಿಯ ಉದ್ಘೋಷಕರೂ ಅಷ್ಟೇ. ಹಾಡಿನ ಮೊದಲ ಅಕ್ಷರಕ್ಕೆ ಸರಿಯಾಗಿ ಮುಳ್ಳು ಕೂರಿಸುವುದು ಅವರ ವೃತ್ತಿಯ ಹೆಮ್ಮೆ. ಕಸುಬಾಗಿ ಮಾಡುವವರಿಗೆ ಕೈಯೇ ಸರಿ. ಮನೆಯ ಮಾತು ಬೇರೆ.

ಯಂತ್ರ ತಾನೇ ಎತ್ತುತ್ತದೆ ಎಂಬುದನ್ನು ನೆಚ್ಚಿ ಆಟವಾಡಿದವರೂ ಇದ್ದರು. 1967ರಲ್ಲಿ ಬೀಟಲ್ಸ್ ತಂಡ ಸಾರ್ಜೆಂಟ್ ಪೆಪ್ಪರ್ ಎಲ್‌ಪಿಯ ಇಂಗ್ಲೆಂಡಿನ ಮುದ್ರಣದಲ್ಲಿ ಕೊನೆಯ ಮುಚ್ಚಿದ ವೃತ್ತಕ್ಕೂ ಮಾತಿನ ಚೂರುಗಳನ್ನು ತುಂಬಿತು. ಆಟೋಮ್ಯಾಟಿಕ್ ಪ್ಲೇಯರ್ ಇದ್ದವರಿಗೆ ಅದು ಒಂದು ಕ್ಷಣ ಕೇಳಿ ಮಾಯ. ಕೈಯಲ್ಲಿ ಎತ್ತಬೇಕಾದವರಿಗೆ ಎತ್ತುವವರೆಗೂ ಗಲಾಟೆ.

1970ರ ದಶಕದಲ್ಲಿ ಈ ವಿದ್ಯೆ ತನ್ನ ತುದಿ ಮುಟ್ಟಿತು. ಡುಯಲ್ 1229ರಂಥ ಯಂತ್ರಗಳು ಒಂದೂವರೆ ಗ್ರಾಂ ಭಾರದಲ್ಲಿ ಕೂರುವ ಮುಳ್ಳನ್ನೂ ಹಾಡಿಗೆ ಅರಿವಾಗದಂತೆ ಎತ್ತುತ್ತಿದ್ದವು. ಡೆನ್ಮಾರ್ಕಿನ ಬ್ಯಾಂಗ್ ಅಂಡ್ ಒಲುಫ್ಸನ್ ಕಂಪನಿಗಾಗಿ ಯಾಕೊಬ್ ಯೆನ್ಸನ್ 1972ರಲ್ಲಿ ರೂಪಿಸಿದ ಬಿಯೋಗ್ರಾಮ್ 4000ದಲ್ಲಿ ಎರಡು ಕೋಲುಗಳು. ಮುಂದಿನದು ಬೆಳಕು ಬೀರಿ ಟರ್ನ್‌ಟೇಬಲ್ಲಿನ ಮೇಲೆ ತಟ್ಟೆ ಇದೆಯೋ ಇಲ್ಲವೋ, ಇದ್ದರೆ ಎಷ್ಟು ದೊಡ್ಡದು ಎಂದು ನೋಡಿದ ಮೇಲೆಯೇ ಹಿಂದಿನದು ಮುಳ್ಳಿಳಿಸುತ್ತಿತ್ತು. ಜಪಾನಿನ ಟೆಕ್ನಿಕ್ಸ್ 1979ರಲ್ಲಿ ತಂದ ಎಸ್‌ಎಲ್-10 ಎಲ್‌ಪಿಯ ಹೊದಿಕೆಯಷ್ಟೇ ಅಗಲ. ಮುಚ್ಚಳ ಹಾಕಿ ಒಂದು ಗುಂಡಿ ಒತ್ತಿದರೆ ಉಳಿದದ್ದು ಅದರ ಜವಾಬ್ದಾರಿ.

ಅಷ್ಟು ಎತ್ತರಕ್ಕೆ ಹೋದದ್ದು ಹೇಗೆ ಬಿತ್ತು? ಸಿ.ಡಿ. ಬಂತು, ಕ್ಯಾಸೆಟ್ ಬಂತು ಎಂಬುದು ಅರ್ಧ ಉತ್ತರ. ಇನ್ನರ್ಧ ತಟ್ಟೆಯ ಪರಮ ಭಕ್ತರ ಕೈವಾಡ. 1970ರ ದಶಕದಲ್ಲೇ ಬ್ರಿಟನ್ನಿನಲ್ಲಿ ಲಿನ್, ರೇಗಾ ಕಂಪನಿಗಳ ಸುತ್ತ ಒಂದು ಮತ ಬೆಳೆಯಿತು. ಆರ್ಮಿಗೆ ತಾಗುವ ಪ್ರತಿಯೊಂದು ಕೊಂಡಿಯೂ ನಾದಕ್ಕೆ ಕಳಂಕ, ಆದ್ದರಿಂದ ಎಲ್ಲವನ್ನೂ ಕಿತ್ತೆಸೆಯಿರಿ ಎಂಬುದು ಅದರ ಸಾರ. ಅಗ್ಗದ ಚೇಂಜರ್‌ಗಳ ಬಗ್ಗೆ ಅದು ನಿಜವೂ ಹೌದು. ಬಿಎಸ್ಆರ್‌ನ ಕೊಂಡಿ ನೂಕಲು ಬೇಕಾದ ಬಲ ಮುಳ್ಳಿನಿಂದಲೇ ಬರಬೇಕಿತ್ತು, ಅದಕ್ಕೇ ಮುಳ್ಳನ್ನು ನಾಲ್ಕೈದು ಗ್ರಾಂ ಭಾರದಲ್ಲಿ ಒತ್ತಿ ಕೂರಿಸುತ್ತಿದ್ದರು, ಗೆರೆ ಸವೆಯುತ್ತಿತ್ತು. ಆದರೆ ಆ ದೂರು ಡುಯಲ್‌ಗೆ ಹೊಂದುವುದಿಲ್ಲ, ಬೆಳಕಿನಿಂದ ಅಳೆಯುವ ಡೇನಿಶ್, ಜಪಾನಿ ಯಂತ್ರಗಳಿಗಂತೂ ಹೊಂದುವುದೇ ಇಲ್ಲ. ರೋಗ ಗುಣವಾದ ಮೇಲೂ ಪಥ್ಯ ಬಿಡದೆ ಅದನ್ನೇ ವ್ರತ ಮಾಡಿಕೊಂಡರು. ಕೈಯಲ್ಲಿ ಎತ್ತುವುದೇ ರಸಿಕತೆಯ ಗುರುತಾಯಿತು. ತಾನೇ ಏಳುವ ಮುಳ್ಳು ಅಗ್ಗದ ಆಟಿಕೆಗಳ ಲಕ್ಷಣವಾಯಿತು. ಈಗ ಅಂಗಡಿಯಲ್ಲಿ ಪೂರ್ತಿ ಆಟೋಮ್ಯಾಟಿಕ್ ಬೇಕೆಂದರೆ ಆಡಿಯೋ-ಟೆಕ್ನಿಕಾದ ಎಲ್‌ಪಿ60ರಂಥ ಕಡಿಮೆ ಬೆಲೆಯ ಯಂತ್ರವನ್ನು ಮುಂದಿಡುತ್ತಾರೆ. ಬೆಲೆ ಏರಿದಂತೆ ಯಂತ್ರದ ಕೈ ಕಟ್ಟುತ್ತಾ ಹೋಗುತ್ತದೆ. ಇದನ್ನು ನಾನು ಒಪ್ಪಲಾರೆ.

ಗ್ಯಾರಾರ್ಡ್ 1979ರಲ್ಲಿ ಬ್ರೆಜಿಲಿನ ಕಂಪನಿಯೊಂದರ ಪಾಲಾಯಿತು. ಡುಯಲ್ 1982ರಲ್ಲಿ ದಿವಾಳಿಯೆದ್ದಿತು. ಬಿಎಸ್ಆರ್ ಅದೇ ದಶಕದಲ್ಲಿ ಪ್ಲೇಯರ್ ಮಾಡುವುದನ್ನು ನಿಲ್ಲಿಸಿತು. ನಮ್ಮಲ್ಲಿ ಆ ಹೊತ್ತಿಗೆ ಕ್ಯಾಸೆಟ್ಟಿನ ಕಾಲ. ನಿಸಾರ್ ಅಹಮದರ ಪದ್ಯಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಕ್ಯಾಸೆಟ್ಟಾಗಿ ಬಂದು ಮನೆಮಾತಾದ ಮೇಲೆ ಭಾವಗೀತೆ ಹಿಂದೆ ತಿರುಗಿ ನೋಡಲಿಲ್ಲ. ಕ್ಯಾಸೆಟ್ ಪ್ಲೇಯರಿನ ಗುಂಡಿಯೂ ಟೇಪು ಮುಗಿದರೆ ‘ಟಪ್’ ಎಂದು ಮೇಲೇಳುತ್ತಿತ್ತು. ಕೊನೆ ಎಂಬುದು ಅಲ್ಲಿಯೂ ಉಳಿದಿತ್ತು.

ಫೋನಿನಲ್ಲಿ ಅದು ಉಳಿದಿಲ್ಲ. ಮೊನ್ನೆ ಭೀಮಸೇನ ಜೋಶಿಯವರ ದಾಸವಾಣಿ ಕೇಳುತ್ತಿದ್ದೆ. ಕೊನೆಯ ‘ವಿಠಲ’ ಇನ್ನೂ ಕೋಣೆಯಲ್ಲಿರುವಾಗಲೇ, ನಾನು ಕೇಳದ ಇನ್ಯಾರದೋ ಹಾಡು ಶುರುವಾಯಿತು. ಅದಾದ ಮೇಲೆ ಇನ್ನೊಂದು. ಹಾಡು ಮುಗಿದ ಮೇಲಿನ ಹೊತ್ತು ಕೂಡ ಹಾಡಿನದೇ. ಹಳೆಯ ರೇಡಿಯೋಗ್ರಾಂ ‘ಟಕ್’ ಎಂದು ಆರಿದ ಮೇಲೆ ಹಜಾರದಲ್ಲಿ ಯಾರೂ ಕೂಡಲೇ ಮಾತಾಡುತ್ತಿರಲಿಲ್ಲ. ಸ್ವಲ್ಪ ತಡೆದು ಅಪ್ಪ ‘ಭೇಷ್’ ಎನ್ನುತ್ತಿದ್ದರು. ಯಾರಾದರೂ ಕಾಫಿಯ ಮಾತೆತ್ತುತ್ತಿದ್ದರು. ಆ ತಡೆಗೆ ಜಾಗ ಮಾಡಿಕೊಡುತ್ತಿದ್ದುದು ಯಂತ್ರ.

ಅಪ್ಪ ಹೋದ ಎಷ್ಟೋ ವರ್ಷಗಳ ಮೇಲೆ ಆ ಚೇಂಜರನ್ನು ಬಿಚ್ಚಿಸಿ ಬೆಂಗಳೂರಿಗೆ ತಂದೆ. ಮುಳ್ಳು ಕೊನೆಯವರೆಗೂ ಹೋಗುತ್ತಿತ್ತು, ಏಳುತ್ತಿರಲಿಲ್ಲ. ಎಸ್.ಪಿ. ರೋಡಿನಲ್ಲಿ ವಿಚಾರಿಸಿದ ಮೊದಲ ಅಂಗಡಿಯಲ್ಲೇ, “ಆಟೋ ಕಟ್ ಮಾಡ್ಬಿಡ್ತೀನಿ ಸಾರ್, ಕೈಯಲ್ಲೇ ಎತ್ಕೊಳ್ಳಿ, ಏನೂ ತೊಂದ್ರೆ ಇಲ್ಲ,” ಎಂದರು. ಮುಂದಿನ ಅಂಗಡಿಯಲ್ಲೂ ಅದೇ ಮಾತು. ಅವರ ಮೇಲೆ ಸಿಟ್ಟಿಲ್ಲ. ಒಳಗಿನ ಕೊಂಡಿಗಳ ಲೆಕ್ಕ ತಿಳಿದವರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚಿದ್ದಾರೆ, ಇರುವವರಿಗೆ ಕಲಿಸಿದವರಿಲ್ಲ. ಹೀಗೆ ಕೊಂಡಿ ಕತ್ತರಿಸಿಕೊಂಡ ಯಂತ್ರಗಳು ಈ ಊರಿನಲ್ಲೇ ಎಷ್ಟಿವೆಯೋ.

ಕೊನೆಗೆ ಒಂದು ಓಣಿಯಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರು ಸಿಕ್ಕಿದರು. ಟರ್ನ್‌ಟೇಬಲ್ ಎತ್ತಿ ನೋಡಿ, “ಸತ್ತಿಲ್ಲ ಸ್ವಾಮಿ, ಹಿಡ್ಕೊಂಡಿದೆ ಅಷ್ಟೆ,” ಎಂದರು. ಕಾರ್ಖಾನೆಯಲ್ಲಿ ಹಚ್ಚಿದ ಗ್ರೀಸು ಪಾಕ ಕೆಟ್ಟ ಬೆಲ್ಲದಂತೆ ಗಟ್ಟಿಯಾಗಿ, ಆ ಹಗುರ ಕೊಂಡಿಯನ್ನು ಅಂಟಿಸಿ ಹಿಡಿದಿತ್ತು. ಹಲ್ಲುಜ್ಜುವ ಬ್ರಷ್ಷು, ಒಂದಿಷ್ಟು ಪೆಟ್ರೋಲು, ಒಂದು ಹಳೆ ಬನಿಯನ್ನು. ಅವಸರವಿಲ್ಲದೆ ಕೂತು ತೊಳೆದರು. ಸನ್ನೆಕೋಲಿನ ತುದಿಗಿದ್ದ ರಬ್ಬರ್ ತುಣುಕು ಮುಟ್ಟಿದರೆ ಪುಡಿಯಾಯಿತು; ಅದರ ಜಾಗಕ್ಕೆ ಸೈಕಲ್ ವಾಲ್‌ಟ್ಯೂಬಿನ ಚೂರು ಕತ್ತರಿಸಿ ತೊಡಿಸಿದರು. ಡುಯಲ್ ಯಂತ್ರಗಳಲ್ಲಿಯೂ ಮೊದಲು ಸಾಯುವುದು ಅಂಥದೇ ಒಂದು ಅಕ್ಕಿಕಾಳಿನಷ್ಟು ತುಣುಕು. ಅದು ಉದುರಿದರೆ ಮುಳ್ಳಿಗೆ ಎಲ್ಲಿ ಇಳಿಯಬೇಕೆಂದು ತಿಳಿಯುವುದಿಲ್ಲ, ಅದನ್ನು ತಿಳಿಯದವರು ಇಡೀ ಯಂತ್ರ ಹಾಳೆಂದು ಗುಜರಿಗೆ ಹಾಕುತ್ತಾರೆ. ಜರ್ಮನಿಯ ಹವ್ಯಾಸಿಗಳೂ ಅದಕ್ಕೆ ಸೈಕಲ್ಲಿನ ವಾಲ್‌ಟ್ಯೂಬನ್ನೇ ಹಾಕುತ್ತಾರೆಂದು ಆಮೇಲೆ ತಿಳಿಯಿತು.

ಕೈಯಲ್ಲಿ ಎತ್ತಬೇಕಾದ ಹೊಸ ಯಂತ್ರಗಳಿಗೆಂದು ಈಗ ಬಿಡಿಯಾದ ಲಿಫ್ಟರ್‌ಗಳೂ ಸಿಗುತ್ತವೆ. ಆಡಿಯೋ-ಟೆಕ್ನಿಕಾದ ಸೇಫ್ಟಿ ರೇಸರ್, ನಾರ್ವೆಯಿಂದ ಬರುವ ಲಿಟಲ್ ಫ್ವೆಂಡ್. ಟರ್ನ್‌ಟೇಬಲ್ ಪಕ್ಕದಲ್ಲಿ ನಿಲ್ಲಿಸುವ ಹೆಬ್ಬೆರಳೆತ್ತರದ ಕಂಬ. ಹಾಡು ಮುಗಿದು ಆರ್ಮ್ ಬಂದು ಅದರ ಕಡ್ಡಿಗೆ ತಾಗಿದರೆ ಒಳಗಿನ ಸ್ಪ್ರಿಂಗು ಬಿಡಿಸಿಕೊಂಡು ಆರ್ಮನ್ನು ಮೆಲ್ಲಗೆ ಎತ್ತಿ ಹಿಡಿಯುತ್ತದೆ. ಒಳ್ಳೆಯ ಕೆಲಸಗಾರಿಕೆ, ಮುಳ್ಳೂ ತಟ್ಟೆಯೂ ಉಳಿಯುತ್ತವೆ. ಕೊಳ್ಳಬಲ್ಲವರು ಖಂಡಿತ ಕೊಳ್ಳಲಿ. ಆದರೆ ಅದು ಎತ್ತಿ ಹಿಡಿಯುತ್ತದೆ, ಅಷ್ಟೆ. ಆರ್ಮನ್ನು ಗೂಟಕ್ಕೆ ಮರಳಿಸುವುದಿಲ್ಲ, ಮೋಟಾರು ಆರಿಸುವುದಿಲ್ಲ. ಪ್ರತಿ ಮಗ್ಗುಲಿಗೂ ಅದನ್ನು ಮತ್ತೆ ಒತ್ತಿ ಅಣಿಗೊಳಿಸಬೇಕು. ಕೈಗೆ ಹಿಟ್ಟು ಮೆತ್ತಿದವರು ಮತ್ತೆ ಎದ್ದುಬರಬೇಕು.

ಅಟ್ಟದ ಮೇಲೆ ರೇಡಿಯೋಗ್ರಾಂ ಇರುವವರು ಅದನ್ನು ತೂಕಕ್ಕೆ ಹಾಕುವ ಮುನ್ನ ಒಮ್ಮೆ ಕೆಳಗಿಳಿಸಿ ನೋಡಿ. ಮುಳ್ಳು ಏಳದಿದ್ದರೆ ಬಲವಂತ ಮಾಡಬೇಡಿ, ಅರ್ಧಕ್ಕೆ ನಿಂತ ಆರ್ಮನ್ನು ಎಳೆಯಬೇಡಿ. ಪ್ಲಗ್ ತೆಗೆದು, ಟರ್ನ್‌ಟೇಬಲ್ಲನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರೆ ಆರ್ಮ್ ತನ್ನ ಸುತ್ತು ಮುಗಿಸಿ ಗೂಟಕ್ಕೆ ಬರಬಹುದು. ಹಳೆಯ ಗ್ರೀಸು ಪೂರ್ತಿ ತೆಗೆಸಿ, ಉಜ್ಜುವ ಕಡೆಗಳಿಗೆ ಹೊಸದನ್ನು ತೆಳುವಾಗಿ ಹಚ್ಚಿಸಿ. ರಿಪೇರಿಯವರು ಆಟೋ ಕಟ್ ಮಾಡುತ್ತೇನೆಂದರೆ ಬೇಡವೆನ್ನಿ, ಇನ್ನೊಂದು ಅಂಗಡಿಗೆ ಹೋಗಿ. ದೊಡ್ಡ ಚಕ್ರದ ಮೇಲಿನ ಆ ಹಗುರ ಕೊಂಡಿಗೆ ಮಾತ್ರ ಒಂದು ತೊಟ್ಟು ಎಣ್ಣೆಯನ್ನೂ ಬಿಡಬೇಡಿ. ಅದು ಒಣಗಿ, ಶುಭ್ರವಾಗಿ, ಊದಿದರೆ ಅಲ್ಲಾಡುವಷ್ಟು ಸಡಿಲವಾಗಿರಬೇಕು.